ಐಎನ್‌ಎಸ್ ಕೊಚ್ಚಿಯ ಕ್ಯಾಪ್ಟನ್‌ಗೆ ಶೌರ್ಯ ಚಕ್ರ ಏಕೆ ಬೇಕಾಯಿತು?

2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ನವಮಂಗಳೂರು ಬಂದರಿಗೆ ಬಂದಾಗ ಅದರಲ್ಲಿ 18 ಮಂದಿ ಪರದೇಶದ ನಾವಿಕರಿದ್ದರು. ಕೇರಳದ ಕರಾವಳಿಯಾಚೆ ಹೊತ್ತಿ ಉರಿಯುತ್ತಿದ್ದ ವಾನ್ ಹೈ 503 ಎಂಬ ಕಂಟೇನರ್ ಹಡಗನ್ನು ಬಿಟ್ಟು ಸಮುದ್ರಕ್ಕಿಳಿದಿದ್ದವರು ಅವರು. ಹಡಗಿನಲ್ಲಿದ್ದ 22 ಮಂದಿಯಲ್ಲಿ ನಾಲ್ವರು ಸಿಗಲಿಲ್ಲ. ಅದಕ್ಕೆ ಸರಿಯಾಗಿ ಹದಿನೈದು ದಿನ ಮುಂಚೆ, ಮೇ 25ರಂದು, ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಮುಳುಗಿತ್ತು. ಅದರ 24 ಸಿಬ್ಬಂದಿಯೂ ಬದುಕಿದರು. 21 ಮಂದಿಯನ್ನು ಕರಾವಳಿ ಕಾವಲು ಪಡೆ, ಕೊನೆಯ ಮೂವರನ್ನು ಐಎನ್‌ಎಸ್ ಸುಜಾತಾ ಎತ್ತಿಕೊಂಡಿತು. ನಮ್ಮ ಪತ್ರಿಕೆಗಳಲ್ಲಿ ಇವೆಲ್ಲ ಒಂದೇ ಪದದಲ್ಲಿ ಮುಗಿದವು: ‘ರಕ್ಷಿಸಲಾಯಿತು’. ಆಮೇಲಿನ ಸುದ್ದಿಯೆಲ್ಲ ದಡಕ್ಕೆ ತೇಲಿಬಂದ ಕಂಟೇನರ್‌ಗಳದ್ದು.

ಈ ‘ಲಾಯಿತು’ ಎಂಬ ಬಾಲ ಕನ್ನಡ ಸುದ್ದಿಮನೆಯ ಹಳೆಯ ಚಾಳಿ. ಅದನ್ನು ಹಚ್ಚಿದ ಕೂಡಲೇ ಕರ್ತೃ ಮಾಯವಾಗುತ್ತಾನೆ. ಯಾರು ರಕ್ಷಿಸಿದರು, ಹೇಗೆ, ಯಾವ ಗಳಿಗೆಯಲ್ಲಿ ಯಾರು ಏನೆಂದು ನಿರ್ಧರಿಸಿದರು ಎಂಬುದೆಲ್ಲ ಅದರೊಳಗೆ ಕರಗಿಹೋಗುತ್ತದೆ. ಶೌರ್ಯ ಪದಕದ ಮೊದಲ ಕೆಲಸ ಆ ಕರ್ತೃವನ್ನು ವಾಕ್ಯಕ್ಕೆ ಮರಳಿ ತರುವುದು ಎಂದು ನನಗೆ ಅನ್ನಿಸುತ್ತದೆ. 2021ರ ಸ್ವಾತಂತ್ರ್ಯೋತ್ಸವದ ಪಟ್ಟಿಯಲ್ಲಿ ಶೌರ್ಯ ಚಕ್ರ ಪಡೆದ ನೌಕಾಪಡೆಯ ಕ್ಯಾಪ್ಟನ್ ಸಚಿನ್ ರೂಬೆನ್ ಸಿಕ್ವೇರಾ ಅವರ ಪ್ರಕರಣವನ್ನು ಇಲ್ಲಿ ತೆಗೆದುಕೊಳ್ಳಲು ಕಾರಣ ಅದೇ. ಅದೇ ವರ್ಷದ ಮೇ 17ರಂದು, ತೌಕ್ತೆ ಚಂಡಮಾರುತದ ನಡುವೆ, ಪಿ-305 ಎಂಬ ಬಾರ್ಜ್‌ನಲ್ಲಿದ್ದವರನ್ನು ಹುಡುಕಿ ಹೊರಟ ಯುದ್ಧನೌಕೆ ಐಎನ್‌ಎಸ್ ಕೊಚ್ಚಿ ಅವರ ಅಧೀನದಲ್ಲಿತ್ತು.

ಮೊದಲು ಬಾರ್ಜ್ ಎಂದರೇನು ಎಂಬುದು ಗೊತ್ತಿರಬೇಕು, ಏಕೆಂದರೆ ಇಡೀ ದುರಂತ ಆ ಪದದಲ್ಲೇ ಅಡಗಿದೆ. ಅದು ಹಡಗಲ್ಲ. ಅದನ್ನು ನಡೆಸುವ ಎಂಜಿನ್ ಇಲ್ಲ. ಟಗ್ ಎಂಬ ಎಳೆಯುವ ಹಡಗು ಅದನ್ನು ಎಳೆದುಕೊಂಡು ಹೋಗಿ ಒಂದೆಡೆ ನಿಲ್ಲಿಸಿ ಲಂಗರುಗಳನ್ನು ಹಾಕಿದರೆ ಅಲ್ಲೇ ನಿಲ್ಲುವ ತೇಲುವ ಕಟ್ಟಡ. ಪಿ-305 ಇದ್ದದ್ದು ಕಾರ್ಮಿಕರ ವಸತಿಗಾಗಿ. ಮುಂಬೈಯಿಂದ ಸುಮಾರು 70 ಕಿಲೋಮೀಟರ್ ದೂರದ ಹೀರಾ ತೈಲಕ್ಷೇತ್ರದಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಆಫ್ಕಾನ್ಸ್ ಕಂಪನಿಯ ವೆಲ್ಡರ್‌ಗಳು, ಫಿಟ್ಟರ್‌ಗಳು, ಅಡುಗೆಯವರು ಅಲ್ಲಿದ್ದರು. ಹೆಚ್ಚಿನವರು ನಾವಿಕರೇ ಅಲ್ಲ. ಕಡಲ ಮೇಲೆ ಕೂಲಿಗೆ ಬಂದವರು.

ಗಾಳಿಯ ಹೊಡೆತಕ್ಕೆ ಲಂಗರುಗಳು ಕಿತ್ತವು. ಚುಕ್ಕಾಣಿಯೂ ಇಲ್ಲದ, ಎಂಜಿನ್ನೂ ಇಲ್ಲದ ಆ ಉಕ್ಕಿನ ಪೆಟ್ಟಿಗೆ ಗಾಳಿ ಹೋದತ್ತ ಹೋಯಿತು, ತೈಲಕ್ಷೇತ್ರದ ನಿರ್ಜನ ಪ್ಲಾಟ್‌ಫಾರಂ ಒಂದಕ್ಕೆ ಬಡಿಯಿತು, ತಳ ಒಡೆದು ನೀರು ನುಗ್ಗಿತು. ಮೇ 17ರ ಸಂಜೆ ಅದು ಮುಳುಗಿತು. ಲೈಫ್ ಜಾಕೆಟ್ ತೊಟ್ಟವರು ಕತ್ತಲೆಯಲ್ಲಿ ಸಮುದ್ರಕ್ಕೆ ಹಾರಿದರು. ಕೈ ಕೈ ಹಿಡಿದುಕೊಂಡು ಗುಂಪಾಗಿ ತೇಲಿದವರಿದ್ದರು, ಒಬ್ಬೊಬ್ಬರಾಗಿ ಚದುರಿದವರಿದ್ದರು. ಬಾರ್ಜ್‌ನಲ್ಲಿ 273 ಮಂದಿ ಇದ್ದಾರೆಂದು ಮೊದಲು ಹೇಳಲಾಗಿತ್ತು. ಆಮೇಲೆ ಅದು 261 ಆಯಿತು. ಅಂದರೆ, ಯಾರನ್ನು ಹುಡುಕಬೇಕೆಂದು ನೌಕೆಗಳು ಹೊರಟಾಗ ಎಷ್ಟು ಜನರನ್ನು ಹುಡುಕಬೇಕು ಎಂಬ ಲೆಕ್ಕವೇ ದಡದಲ್ಲಿ ಗಟ್ಟಿಯಿರಲಿಲ್ಲ. ನಮ್ಮೂರಿನ ಮದುವೆ ಊಟಕ್ಕೆ ಎಲೆ ಹಾಕುವವರು ಇದಕ್ಕಿಂತ ಸರಿಯಾಗಿ ತಲೆ ಎಣಿಸುತ್ತಾರೆ.

ಈಗ ಕ್ಯಾಪ್ಟನ್‌ನ ಕೆಲಸಕ್ಕೆ ಬರೋಣ. ಇಲ್ಲಿ ಶೌರ್ಯವೆಂದರೆ ಅಲೆಗೆ ಹಾರುವುದು ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಐಎನ್‌ಎಸ್ ಕೊಚ್ಚಿ 163 ಮೀಟರ್ ಉದ್ದದ, ಸುಮಾರು 7,500 ಟನ್ ತೂಕದ ಡಿಸ್ಟ್ರಾಯರ್. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು, 2015ರಲ್ಲಿ ಸೇವೆಗೆ ಸೇರಿದ್ದು. ಬ್ರಹ್ಮೋಸ್ ಕ್ಷಿಪಣಿ ಹಾರಿಸುವುದಕ್ಕೆಂದು ಇರುವ ಹಡಗು. ಆರೆಂಟು ಮೀಟರ್ ಅಲೆಯ ನಡುವೆ ಒಬ್ಬ ಮನುಷ್ಯನನ್ನು ನೀರಿನಿಂದ ಹೆಕ್ಕುವುದಕ್ಕೆ ಇಂಥ ಹಡಗಿನಷ್ಟು ಒಗ್ಗದ ಸಾಧನ ಮತ್ತೊಂದಿಲ್ಲ. ಆದರೆ ಆ ಗಾಳಿಯಲ್ಲಿ ಹೊರಗೆ ನಿಲ್ಲಬಲ್ಲದ್ದು ಕೂಡ ಇಂಥ ಹಡಗೇ.

ನೀರಿನಲ್ಲಿರುವವನ ತಲೆಯಷ್ಟೇ ಮೇಲಿರುತ್ತದೆ, ಅವನು ಅಲೆ ಮತ್ತು ಪ್ರವಾಹದ ಜೊತೆ ನಿಧಾನವಾಗಿ ಸರಿಯುತ್ತಾನೆ. ಹಡಗಿನ ಎತ್ತರದ ಪಕ್ಕೆ ಹಾಯಿಯ ಹಾಗೆ. ಗಾಳಿಗೆ ಸಿಕ್ಕರೆ ಅದು ಮನುಷ್ಯನಿಗಿಂತ ಬೇಗ ಸರಿಯುತ್ತದೆ. ಹೀಗಾಗಿ ಕ್ಯಾಪ್ಟನ್ ಮುಂದೆ ಎರಡು ದಾರಿ. ಹಡಗನ್ನು ಅವನಿಗಿಂತ ಗಾಳಿಯ ಕೆಳದಿಕ್ಕಿಗೆ ತಂದರೆ ಅದು ದೂರ ದೂರ ಸರಿಯುತ್ತದೆ, ಹಗ್ಗ ಎಸೆದರೂ ತಲುಪುವುದಿಲ್ಲ. ಗಾಳಿ ಬರುವ ದಿಕ್ಕಿಗೆ ತಂದು ಅಡ್ಡಲಾಗಿ ನಿಲ್ಲಿಸಿದರೆ ಹಡಗಿನ ಒಡಲೇ ಗೋಡೆಯಾಗಿ ಅದರ ಮರೆಯಲ್ಲಿ ನೀರು ತುಸು ತಣಿಯುತ್ತದೆ, ತೇಲುತ್ತಿರುವವನು ಪಕ್ಕೆಗೆ ಸಿಗುತ್ತಾನೆ. ಆದರೆ ಅದೇ ಗಾಳಿ ಆ 7,500 ಟನ್ನನ್ನು ಅವನ ಮೇಲೆಯೇ ದೂಡುತ್ತದೆ. ತಿರುಗುವ ಪ್ರೊಪೆಲರ್ ಅವನ ಹತ್ತಿರ ಸುಳಿಯಬಾರದು, ಎಂಜಿನ್ ನಿಲ್ಲಿಸಿದರೆ ಹಡಗಿನ ಹಿಡಿತ ತಪ್ಪುತ್ತದೆ. ಅಡ್ಡ ನಿಂತ ಹಡಗು ತೊಟ್ಟಿಲಿನ ಹಾಗೆ ಹೊಯ್ದಾಡುತ್ತದೆ. ಪಕ್ಕೆಗೆ ಇಳಿಬಿಟ್ಟ ಬಲೆಯೇಣಿಯ ತುದಿ ಒಮ್ಮೆ ನೀರೊಳಗೆ ಮುಳುಗಿದರೆ ಮರುಕ್ಷಣ ಎರಡಾಳೆತ್ತರ ಮೇಲೇರುತ್ತದೆ. ಗಂಟೆಗಟ್ಟಲೆ ಉಪ್ಪುನೀರು ಕುಡಿದು, ತೋಳು ಸೋತವನಿಗೆ ಅದನ್ನು ಹಿಡಿದು ಹತ್ತುವ ಶಕ್ತಿ ಎಲ್ಲಿ?

ಒಮ್ಮೆ ಕೈತಪ್ಪಿದರೆ ಮತ್ತೆ ಸುತ್ತಿ ಬರಬೇಕು. ಅಷ್ಟರಲ್ಲಿ ಆ ತಲೆ ಅಲೆಗಳ ನಡುವೆ ಕಾಣದಾಗಿರುತ್ತದೆ. ಅಲೆ ಎದ್ದ ಸಮುದ್ರದಲ್ಲಿ ಮನುಷ್ಯನ ತಲೆಯನ್ನು ರೇಡಾರ್ ಗುರುತಿಸಲಾರದು. ರಾತ್ರಿ ಉಳಿಯುವುದು ಜಾಕೆಟ್ಟಿನ ಮಿಣುಕು ದೀಪ ಮತ್ತು ಕೂಗು. ಜೊತೆಗೆ ಆ ಸಮುದ್ರ ಬರಿದಾದ ಬಯಲಲ್ಲ. ಅಲ್ಲಿ ತೈಲದ ಪ್ಲಾಟ್‌ಫಾರಂಗಳಿವೆ, ಲಂಗರು ಕಿತ್ತ ಬೇರೆ ಬಾರ್ಜ್‌ಗಳು ಅಂದು ಅತ್ತಿತ್ತ ತೇಲುತ್ತಿದ್ದವು. ಪಿ-305 ಬಡಿದಂಥ ಪ್ಲಾಟ್‌ಫಾರಂಗೆ ಐಎನ್‌ಎಸ್ ಕೊಚ್ಚಿಯೂ ಬಡಿಯಬಹುದಿತ್ತು.

ಇಷ್ಟೆಲ್ಲ ವಿವರಿಸಿದ್ದಕ್ಕೆ ಕಾರಣವಿದೆ. ಕಮಾಂಡಿಂಗ್ ಆಫೀಸರ್ ಹಡಗನ್ನು ನಡೆಸುವ ಮೇಲಿನ ಕೋಣೆಯಾದ ಬ್ರಿಜ್‌ನಲ್ಲಿ ನಿಂತಿರುತ್ತಾನೆ, ಮೈ ಒದ್ದೆಯಾಗದಿರಲೂಬಹುದು. ಆದರೆ ತನ್ನ ಮುನ್ನೂರಕ್ಕೂ ಹೆಚ್ಚು ಸಿಬ್ಬಂದಿಯ ಜೀವವನ್ನೂ ಸಾವಿರಾರು ಕೋಟಿಯ ಹಡಗನ್ನೂ ಎಷ್ಟರ ಮಟ್ಟಿಗೆ ಪಣಕ್ಕಿಡಬಹುದು ಎಂಬುದನ್ನು ಅವನೊಬ್ಬನೇ ನಿರ್ಧರಿಸಬೇಕು. ಹಡಗಿನ ಪಕ್ಕೆಗೆ ಸಿಕ್ಕಿ ಬದುಕಿದ್ದವನೊಬ್ಬ ಸತ್ತಿದ್ದರೆ, ಹಡಗು ಪ್ಲಾಟ್‌ಫಾರಂಗೆ ತಾಗಿದ್ದರೆ, ಅದೇ ಅಧಿಕಾರಿ ವಿಚಾರಣಾ ಮಂಡಳಿಯ ಮುಂದೆ ಕೂರುತ್ತಿದ್ದ. ಪದಕಕ್ಕೂ ವಿಚಾರಣೆಗೂ ನಡುವೆ ಆ ರಾತ್ರಿ ಇದ್ದ ಅಂತರ ಕೆಲವೇ ಮೀಟರ್.

ಮೇ 17ರ ರಾತ್ರಿ ಹನ್ನೊಂದರ ಹೊತ್ತಿಗೆ ಕೊಚ್ಚಿ ಮತ್ತು ಎನರ್ಜಿ ಸ್ಟಾರ್ ಎಂಬ ತೈಲಕ್ಷೇತ್ರದ ನೆರವು ಹಡಗು ಸೇರಿ 60 ಮಂದಿಯನ್ನು ಎತ್ತಿಕೊಂಡಿದ್ದವು. ಐಎನ್‌ಎಸ್ ಕೋಲ್ಕತಾ ಬಂತು, ಬೆಳಗಾಗುತ್ತಲೇ ಪಿ-8ಐ ವಿಮಾನ ಮತ್ತು ಸೀ ಕಿಂಗ್ ಹೆಲಿಕಾಪ್ಟರ್‌ಗಳು ಸೇರಿಕೊಂಡವು. ಮೇ 19ರ ಬೆಳಿಗ್ಗೆ ಕೊಚ್ಚಿ 125 ಮಂದಿಯನ್ನು ಹೊತ್ತು ಮುಂಬೈಗೆ ಮರಳಿತು. ಬಾರ್ಜ್‌ನ 261ರಲ್ಲಿ 186 ಮಂದಿ ಉಳಿದರು. ಅದೇ ಹೊತ್ತಿಗೆ ಮುಳುಗಿದ ವರಪ್ರದ ಎಂಬ ಟಗ್‌ನ 13 ಮಂದಿಯಲ್ಲಿ ಇಬ್ಬರು ಮಾತ್ರ ಸಿಕ್ಕರು. ಎರಡೂ ಸೇರಿ ಸತ್ತವರು 86. ನಾಲ್ಕು ದಶಕಗಳಲ್ಲಿ ತಾನು ಕಂಡ ಅತ್ಯಂತ ಕಠಿಣ ಶೋಧ ಮತ್ತು ರಕ್ಷಣಾ ಕಾರ್ಯಗಳಲ್ಲಿ ಇದೊಂದು ಎಂದು ಆಗಿನ ನೌಕಾಪಡೆಯ ಉಪಮುಖ್ಯಸ್ಥ ವೈಸ್ ಅಡ್ಮಿರಲ್ ಮುರಳೀಧರ ಪವಾರ್ ಹೇಳಿದ್ದರು.

ಶೌರ್ಯ ಚಕ್ರದ ಸ್ವರೂಪವನ್ನೂ ಇಲ್ಲೇ ಹೇಳಿಬಿಡಬಹುದು. ಶತ್ರುವಿನ ಎದುರಿನಲ್ಲಲ್ಲದೆ ಬೇರೆಡೆ ತೋರಿದ ಪರಾಕ್ರಮಕ್ಕೆ ಮೂರು ಪದಕಗಳಿವೆ: ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. 1952ರಲ್ಲಿ ಆರಂಭವಾದಾಗ ಇವು ಅಶೋಕ ಚಕ್ರದ ಒಂದು, ಎರಡು, ಮೂರನೆಯ ದರ್ಜೆಗಳಾಗಿದ್ದವು, ಈಗಿನ ಹೆಸರುಗಳು ಬಂದದ್ದು 1967ರಲ್ಲಿ. ನಾಗರಿಕರಿಗೂ ಕೊಡಬಹುದು. 2017ರ ಪರಿಷ್ಕರಣೆಯಲ್ಲಿ ಶೌರ್ಯ ಚಕ್ರಕ್ಕೆ ತಿಂಗಳಿಗೆ 6,000 ರೂಪಾಯಿ ಭತ್ಯೆ ನಿಗದಿಯಾಯಿತು.

ಇದಕ್ಕಿಂತ ಕುತೂಹಲದ್ದು ಜೀವನ ರಕ್ಷಾ ಪದಕದ ನಿಯಮ. ನೀರಿನಲ್ಲಿ ಮುಳುಗುವವರನ್ನು, ಬೆಂಕಿಗೆ ಸಿಕ್ಕವರನ್ನು ಉಳಿಸಿದವರಿಗೆ ಕೊಡುವ ಪದಕ ಅದು. ಸೇನೆ, ಪೊಲೀಸ್, ಅಗ್ನಿಶಾಮಕ ದಳದವರಿಗೂ ಅದು ಸಿಗಬಹುದು, ಆದರೆ ಕರ್ತವ್ಯದ ಹೊರಗೆ ಜೀವ ಉಳಿಸಿದ್ದರೆ ಮಾತ್ರ. ಕರ್ತವ್ಯ ಎಂದ ಮೇಲೆ ಮಾಡಲೇಬೇಕು, ಅದಕ್ಕೆ ಹೊಗಳಿಕೆ ಏಕೆ ಎಂಬ ತರ್ಕ. ಶೌರ್ಯ ಚಕ್ರ ಈ ತರ್ಕವನ್ನು ಒಪ್ಪುವುದಿಲ್ಲ. ಕರ್ತವ್ಯದೊಳಗೂ ಒಂದು ಗೆರೆ ಇದೆ, ಅದರಾಚೆ ಹೋಗು ಎಂದು ಯಾವ ಆದೇಶವೂ ಹೇಳಲಾರದು, ಹೋದವನನ್ನು ಗುರುತಿಸಬೇಕು ಎನ್ನುತ್ತದೆ. ಐಎನ್‌ಎಸ್ ಕೊಚ್ಚಿ ಹೊರಡಬೇಕೆಂಬ ಆದೇಶವಿತ್ತು. ಕತ್ತಲಲ್ಲಿ ತೇಲುವ ತಲೆಗೆ ಎಷ್ಟು ಹತ್ತಿರ ಹೋಗಬೇಕು ಎಂಬುದನ್ನು ಯಾವ ಆದೇಶವೂ ಬರೆದುಕೊಡಲು ಸಾಧ್ಯವಿರಲಿಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಎನರ್ಜಿ ಸ್ಟಾರ್‌ನಂಥ ನೆರವು ಹಡಗುಗಳ ಸಿಬ್ಬಂದಿ ನೌಕಾಪಡೆಯವರಲ್ಲ. ಸಂಬಳಕ್ಕೆ ದುಡಿಯುವ ವಾಣಿಜ್ಯ ನಾವಿಕರು. ಸಂಕಟದಲ್ಲಿರುವವರಿಗೆ ನೆರವಾಗಬೇಕೆಂಬ ಅಂತರರಾಷ್ಟ್ರೀಯ ನಿಯಮ ಎಲ್ಲ ಹಡಗಿನ ಮಾಸ್ಟರ್‌ಗಳಿಗೂ, ಅಂದರೆ ಹಡಗಿನ ಹೊಣೆ ಹೊತ್ತ ಮುಖ್ಯಸ್ಥರಿಗೂ, ಅನ್ವಯಿಸುತ್ತದೆ, ನಿಜ. ಆದರೂ ಕೊಚ್ಚಿ ಎದುರಿಸಿದ ಗಾಳಿಯನ್ನೇ ಅದಕ್ಕಿಂತ ತುಂಬ ಚಿಕ್ಕ ಹಡಗಿನಲ್ಲಿ ಎದುರಿಸಿದವರ ಹೆಸರು ಓದುಗರಿಗೆ ತಲುಪಲಿಲ್ಲ, ಅವರು ಇನ್ನೂ ‘ಲಾಯಿತು’ವಿನ ಒಳಗೇ ಇದ್ದಾರೆ. ವಾಣಿಜ್ಯ ನಾವಿಕರನ್ನು ನೆನೆಯುವ ಪದ್ಧತಿ ಲೋಕದಲ್ಲಿ ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಅಸಾಧಾರಣ ಶೌರ್ಯ ಪ್ರಶಸ್ತಿ 2016ರಲ್ಲಿ ಸಂದದ್ದು ಕೇರಳದ ಕ್ಯಾಪ್ಟನ್ ರಾಧಿಕಾ ಮೆನನ್ ಅವರಿಗೆ. ಸಂಪೂರ್ಣ ಸ್ವರಾಜ್ಯ ಎಂಬ ತೈಲ ಹಡಗಿನ ಮಾಸ್ಟರ್ ಆಗಿದ್ದ ಅವರು 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ದುರ್ಗಮ್ಮ ಎಂಬ ದೋಣಿಯ ಏಳು ಮೀನುಗಾರರನ್ನು ಉಳಿಸಿದ್ದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2024ರಲ್ಲಿ ಅದೇ ಪ್ರಶಸ್ತಿ ಮಾರ್ಲಿನ್ ಲುವಾಂಡಾ ಹಡಗಿನ ಕ್ಯಾಪ್ಟನ್ ಅವಿಲಾಶ್ ರಾವತ್ ಮತ್ತು ಸಿಬ್ಬಂದಿಗೆ ಬಂತು. ಏಡನ್ ಕೊಲ್ಲಿಯಲ್ಲಿ ಯೆಮನ್‌ನ ಹೂಥಿ ಬಂಡುಕೋರರ ಕ್ಷಿಪಣಿ ತಾಗಿ, ಬೇಗ ಹೊತ್ತಿಕೊಳ್ಳುವ ನಾಫ್ತಾ ಎಂಬ ತೈಲ ತುಂಬಿದ ಆ ಹಡಗಿಗೆ ಬೆಂಕಿ ಬಿದ್ದಾಗ ಅವರು ಹಡಗು ಬಿಡಲಿಲ್ಲ. ನೆರವಿಗೆ ಧಾವಿಸಿದ ಐಎನ್‌ಎಸ್ ವಿಶಾಖಪಟ್ಟಣದ ಕ್ಯಾಪ್ಟನ್ ಬ್ರಿಜೇಶ್ ನಂಬಿಯಾರ್ ಮತ್ತು ಅವರ ಸಿಬ್ಬಂದಿಗೆ ಪ್ರಶಂಸಾಪತ್ರ ಸಂದಿತು. ಆ ಎರಡು ಹೆಸರುಗಳನ್ನು ಜೊತೆಗಿಟ್ಟದ್ದು ನನಗೆ ಸರಿ ಎನಿಸಿತು.

ಇನ್ನು, ಶೌರ್ಯದ ಕತೆಗಳಲ್ಲಿ ಸಾಮಾನ್ಯವಾಗಿ ಯಾರೂ ಮುಟ್ಟದ ಭಾಗ. 261 ಜನ ಆ ದಿನ ಅಲ್ಲಿ ಏಕಿದ್ದರು?

ತೌಕ್ತೆ ಹೇಳದೆ ಕೇಳದೆ ಬಂದ ಚಂಡಮಾರುತವಲ್ಲ. ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಅರ್ಥ ಲೊಚಗುಟ್ಟುವ ಹಲ್ಲಿ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ ನಾಡು ನಮ್ಮದು, ಇದಂತೂ ದಿನಗಟ್ಟಲೆ ಲೊಚಗುಟ್ಟಿತ್ತು. ಹವಾಮಾನ ಇಲಾಖೆ ಮೇ ಎರಡನೆಯ ವಾರದಿಂದಲೇ ಎಚ್ಚರಿಸುತ್ತಿತ್ತು, ಮೀನುಗಾರರು ದಡಕ್ಕೆ ಮರಳಬೇಕೆಂದು ಹೇಳಿತ್ತು. ಕರಾವಳಿ ಕಾವಲು ಪಡೆ ಸಮುದ್ರದಲ್ಲಿದ್ದ ದೋಣಿಗಳನ್ನು ಹುಡುಕಿ ಹುಡುಕಿ ದಡಕ್ಕೆ ಅಟ್ಟುತ್ತಿತ್ತು. 2017ರ ನವೆಂಬರ್ ಕೊನೆಯಲ್ಲಿ ಬಂದ ಓಖಿಯ ಕತೆ ಬೇರೆ. ಅಂದು ಎಚ್ಚರಿಕೆ ತಲುಪುವ ಮೊದಲೇ ಕೇರಳ, ತಮಿಳುನಾಡಿನ ಮೀನುಗಾರರು ಆಳಸಮುದ್ರದಲ್ಲಿದ್ದರು. ಓಖಿಯಿಂದ ಕಲಿತ ಪಾಠ ತೌಕ್ತೆಯಲ್ಲಿ ಮೀನುಗಾರರ ಮಟ್ಟಿಗೆ ಕೆಲಸ ಮಾಡಿತು. ಮಾಡದೆ ಹೋದದ್ದು ಉಪಗ್ರಹ ಫೋನ್, ಹವಾಮಾನ ವರದಿಯ ಚಂದಾ, ಸುರಕ್ಷಾ ಅಧಿಕಾರಿ ಎಲ್ಲವೂ ಇದ್ದ ತೈಲಕ್ಷೇತ್ರದಲ್ಲಿ.

ಗುತ್ತಿಗೆ ಕಂಪನಿ ಕೊಟ್ಟ ವಿವರಣೆ ಹೀಗಿತ್ತು: ತಮಗೆ ಸಿಕ್ಕ ಮುನ್ಸೂಚನೆಯಂತೆ ಆ ಜಾಗದಲ್ಲಿ ಗಾಳಿಯ ವೇಗ ಗರಿಷ್ಠ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್ ಇರಬೇಕಿತ್ತು. ಬಾರ್ಜ್‌ನ ಮಾಸ್ಟರ್ ಅದನ್ನು ನಂಬಿ, ಕೆಲಸ ನಡೆಯುತ್ತಿದ್ದ ಪ್ಲಾಟ್‌ಫಾರಂನಿಂದ 200 ಮೀಟರ್ ದೂರ ಸರಿದರೆ ಸಾಕೆಂದುಕೊಂಡರು. ಬಂದರಿಗೆ ಹೋಗಲಿಲ್ಲ. ಎಂಜಿನ್ ಇಲ್ಲದ ಬಾರ್ಜ್‌ಗೆ 200 ಮೀಟರ್ ಎಂದರೆ ಏನು? ಲಂಗರು ಕಿತ್ತರೆ ಕೆಲವು ನಿಮಿಷಗಳ ದೂರ. ಮೇಲಾಗಿ ಬಾರ್ಜ್ ಒಮ್ಮೆ ಬಂದರಿಗೆ ಹೋದರೆ ಟಗ್ ಬೇಕು, ಲಂಗರುಗಳನ್ನು ಎತ್ತಿ ಮತ್ತೆ ಹಾಕಬೇಕು, ದಿನಗಳು ಹೋಗುತ್ತವೆ. ಜೂನ್ ಬಂದರೆ ಮಳೆಗಾಲ, ಸಮುದ್ರದ ಕೆಲಸಕ್ಕೆ ಬಿಡುವು. ಮೇ ತಿಂಗಳ ನಡುವಿನ ಒಂದೊಂದು ದಿನವೂ ಗುತ್ತಿಗೆದಾರನಿಗೆ ಹಣ. ಈ ಲೆಕ್ಕಾಚಾರವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಅದು ತೈಲಕ್ಷೇತ್ರದ ಗಾಳಿಯಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಮುಂಬೈ ಪೊಲೀಸರು ಮಾಸ್ಟರ್ ಮೇಲೆ ಪ್ರಕರಣ ದಾಖಲಿಸಿದರು. ಅವರು ಆಗಲೇ ಸಮುದ್ರಪಾಲಾಗಿದ್ದರು. ನೀರಿನಲ್ಲಿ ಹೋದವನ ಹೆಸರೇ ಎಲ್ಲರಿಗಿಂತ ಮೊದಲು ಕಾಗದಕ್ಕೆ ಬಂದದ್ದು ನನಗೆ ಅತಿಯಾದ ಅನುಕೂಲದಂತೆ ಕಂಡಿತು. ಹಡಗಿನ ಸುರಕ್ಷೆಯಲ್ಲಿ ಮಾಸ್ಟರ್‌ನದೇ ಕೊನೆಯ ಮಾತು ಎಂಬುದು ಕಾನೂನಿನ ಪಾಠ. ಆದರೆ ಬಾಡಿಗೆ ಬಾರ್ಜ್‌ನ ಮಾಸ್ಟರ್ ಹೇಳಿದ ಮೇಲೆ ಗುತ್ತಿಗೆದಾರನೂ ತೈಲ ಕಂಪನಿಯೂ ಕೆಲಸ ನಿಲ್ಲಿಸಿ ಬಿಡುತ್ತಾರೆಯೇ? ಪೆಟ್ರೋಲಿಯಂ ಸಚಿವಾಲಯ ಉನ್ನತ ಮಟ್ಟದ ಸಮಿತಿ ನೇಮಿಸಿತು, ಅದೇ ವರ್ಷ ಒಎನ್‌ಜಿಸಿ ತನ್ನ ಮೂವರು ಕಾರ್ಯನಿರ್ವಾಹಕ ನಿರ್ದೇಶಕರನ್ನು ಅಮಾನತು ಮಾಡಿತು. ಪ್ರಶ್ನೆ ಮಾಸ್ಟರ್ ಬಳಿಗೇ ಬಂದು ನಿಲ್ಲುವುದಿಲ್ಲ ಎಂಬುದನ್ನು ಅದು ಒಪ್ಪಿಕೊಂಡಂತೆಯೇ. ಆದರೂ ಸಾರ್ವಜನಿಕರ ನೆನಪಿನಲ್ಲಿ ಉಳಿದಿರುವುದು ಬೇರೆ ವಾಕ್ಯ: ಬಾರ್ಜನ್ನು ಅಲ್ಲೇ ‘ನಿಲ್ಲಿಸಲಾಗಿತ್ತು’. ಉಳಿಸಿದವನಿಗೆ ಮೂರು ತಿಂಗಳಲ್ಲಿ ಹೆಸರು ಸಿಕ್ಕಿತು. ನಿಲ್ಲಿಸಿದವರು ಇನ್ನೂ ಕರ್ಮಣಿ ಪ್ರಯೋಗದ ನೆರಳಲ್ಲಿ ತಣ್ಣಗಿದ್ದಾರೆ.

ಪದಕವನ್ನು ಕೊಡಬಾರದಿತ್ತು ಎನ್ನುತ್ತಿಲ್ಲ. ಕೊಟ್ಟದ್ದು ಕಡಿಮೆಯಾಯಿತೇನೋ ಎಂಬ ಅನುಮಾನವೂ ನನಗಿದೆ. ನನ್ನ ತಕರಾರು ಪದಕದ ಸುತ್ತ ಕಟ್ಟುವ ಕತೆಯ ಬಗ್ಗೆ. ಅದರಲ್ಲಿ ಖಳನಾಯಕ ಸಮುದ್ರ, ನಾಯಕ ನೌಕಾಪಡೆ, ನಡುವೆ ಮತ್ತಾರೂ ಇಲ್ಲ. ತೌಕ್ತೆ ಡಿಯು ಸಮೀಪ ದಡ ಮುಟ್ಟಿದಾಗ ಗಾಳಿಯ ವೇಗ ಗಂಟೆಗೆ 160ರಿಂದ 170 ಕಿಲೋಮೀಟರ್ ಇತ್ತು. ಅಂಥ ಗಾಳಿಯ ದಾರಿಯ ಪಕ್ಕದಲ್ಲಿ ತೇಲುವ ವಸತಿಗೃಹವನ್ನು ಇಟ್ಟದ್ದು ಸಮುದ್ರವಲ್ಲ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಅಲ್ಲಿ ತೀವ್ರ ಚಂಡಮಾರುತಗಳು ಹಿಂದಿಗಿಂತ ಹೆಚ್ಚಾಗುತ್ತಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. 2020ರಲ್ಲಿ ನಿಸರ್ಗ, 2021ರಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್, ಎಲ್ಲವೂ ಮಳೆಗಾಲದ ಹೊಸ್ತಿಲಲ್ಲೇ. ತೈಲಕ್ಷೇತ್ರದ ಕೆಲಸ ತರಾತುರಿಯಲ್ಲಿ ಮುಗಿಯಬೇಕಾದ ಸಮಯವೂ ಅದೇ.

ಇದೆಲ್ಲ ಮುಂಬೈಯ ಕತೆಯೆಂದು ದೂರ ಇಡುವ ಹಾಗಿಲ್ಲ. ಅದೇ ಚಂಡಮಾರುತದಲ್ಲಿ, ಮಂಗಳೂರಿನ ತೈಲ ಶುದ್ಧೀಕರಣಾಗಾರದ ಸಮುದ್ರದೊಳಗಿನ ಕೆಲಸಕ್ಕೆ ಬಂದಿದ್ದ ಎರಡು ಟಗ್‌ಗಳೂ ಹೊರಗೇ ಉಳಿದಿದ್ದವು. ಅಲಯನ್ಸ್ ಎಂಬುದು ಮಗುಚಿ ಅದರಲ್ಲಿದ್ದ ಕೆಲವರು ಸತ್ತರು. ಕೋರಮಂಡಲ್ ಸಪೋರ್ಟರ್ 9 ಎಂಬುದು ಮೂಲ್ಕಿಯ ಸಮೀಪ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆಯ ಹಡಗು ಸೇರಿ ಹೊರತಂದವು. ಹಗ್ಗಕ್ಕೆ ಜೋತುಬಿದ್ದು ಮೇಲೇರುವ ಮನುಷ್ಯರ ವಿಡಿಯೋ ಆ ಮಧ್ಯಾಹ್ನ ಕರಾವಳಿಯ ಎಲ್ಲ ಮೊಬೈಲ್‌ಗಳಲ್ಲೂ ಓಡಾಡಿತು.

ಅಷ್ಟರಲ್ಲಿ ಮೀನುಗಾರಿಕೆ ದೋಣಿಗಳು ಎಂದೋ ದಕ್ಕೆ ಸೇರಿದ್ದವು. ಹವಾಮಾನ ವರದಿ ಕೇಳಿ, ಡೀಸೆಲ್ಲಿನ ಸಾಲ ತಲೆಯ ಮೇಲಿದ್ದರೂ, ಜೂನ್ 1ರ ಮೀನುಗಾರಿಕೆ ನಿಷೇಧಕ್ಕೆ ಎರಡೇ ವಾರ ಬಾಕಿಯಿದ್ದರೂ ಬಲೆ ಎತ್ತಿಕೊಂಡು ಮರಳಿದ ತಾಂಡೇಲರು, ಅಂದರೆ ದೋಣಿ ನಡೆಸುವವರು, ಅಂದು ಮನೆಯಲ್ಲಿದ್ದರು.